ತೊಟ್ಟಿಲಿಗೊಂದು ತೊಲೆ

ನನ್ನ ಹೊಸ ಉದ್ಯೋಗದ ಯೋಜನೆ ಪೂರ್ತಿಯಾಗಿ ತಯಾರಾದದ್ದು ಬಸ್ಸಿನಲ್ಲಿ, ಅದೂ ನಿಂತುಕೊಂಡು. ಕಲಘಟಗಿಯಿಂದ ಹುಬ್ಬಳ್ಳಿಗೆ ಹೋಗುವಾಗ ಸೀಟು ಸಿಕ್ಕರೆ ನನಗೆ ನಿದ್ದೆ ಬಂದುಬಿಡುತ್ತದೆ. ಸಿಗದ ದಿನ ಮಾತ್ರ ತಲೆ ಓಡುತ್ತದೆ. ಸೀಟು ಸಿಗುವುದೇ ಅಪರೂಪವಾದ್ದರಿಂದ ಯೋಜನೆ ಬೇಗ ಮುಂದುವರಿಯಿತು. ಬೇರೆಲ್ಲಿ ಯೋಚಿಸಲಿ ಹೇಳಿ? ಮನೆಯಲ್ಲಿ ಯೋಚಿಸಿದರೆ ರೊಟ್ಟಿ ಹೊತ್ತುತ್ತದೆ. ಹುಬ್ಬಳ್ಳಿಯಲ್ಲಿ ನಾನು ಚೀಟಿ ಬರೆಯುವ ಕಣ್ಣಿನ ದವಾಖಾನೆಯಲ್ಲಿ ಯೋಚಿಸಿದರೆ ಎಡಗಣ್ಣು ನೋವಿನವರ ಚೀಟಿಯಲ್ಲಿ ಬಲಗಣ್ಣು ಕೂತಿರುತ್ತದೆ.

ಯೋಜನೆ ಇಷ್ಟೇ: ತೊಟ್ಟಿಲನ್ನು ಬಾಡಿಗೆಗೆ ಕೊಡುವುದು. ನಮ್ಮೂರು ಕಲಘಟಗಿಯ ಬಣ್ಣದ ತೊಟ್ಟಿಲನ್ನು ನೀವು ನೋಡಿರಬಹುದು. ನಾಲ್ಕೂ ಕಡೆ ಬಾಲಕೃಷ್ಣನ ಆಟಗಳು, ಬಳ್ಳಿ, ಗಿಳಿ. ಕೂಸಾದರೋ ಅಂಬೆಗಾಲಿಟ್ಟ ಕೂಡಲೇ ಅದಕ್ಕೆ ಬೆನ್ನು ತಿರುಗಿಸುತ್ತದೆ. ಆಮೇಲೆ ಅಟ್ಟದ ಮೇಲೆ ಮುಂದಿನ ಕೂಸಿನ ದಾರಿ ಕಾಯುವುದೇ ಅದರ ಕೆಲಸ. ಇಷ್ಟು ಸಿಂಗಾರ ಮಾಡಿಕೊಂಡು ಇಷ್ಟು ಕಡಿಮೆ ದುಡಿಯುವ ಸಾಮಾನು, ಮದುಮಗನ ಬಾಸಿಂಗವನ್ನು ಬಿಟ್ಟರೆ, ಇನ್ನೊಂದಿರಲಿಕ್ಕಿಲ್ಲ. ಹುಬ್ಬಳ್ಳಿಯ ಫ್ಲ್ಯಾಟಿನವರಿಗೆ ಹೆಸರಿಡುವ ದಿನ ತೊಟ್ಟಿಲು ಬೇಕು, ಮರುದಿನ ಇಡಲು ಜಾಗವಿಲ್ಲ. ನಮ್ಮ ಅಟ್ಟದಲ್ಲಿ ತೊಟ್ಟಿಲಿದೆ.

ಅತ್ತೆಗೆ ಈ ಮಾತು ಹಿಡಿಸಲಿಲ್ಲ. ನಮ್ಮ ಓಣಿಯಲ್ಲಿ ಯಾರು ಕೇಳಿದರೂ ತೊಟ್ಟಿಲು ದುಡ್ಡಿಲ್ಲದೆ ಹಾಗೇ ಹೋಗುತ್ತದೆ. ಬರಿದಾಗಿ ಮಾತ್ರ ಹೊಸ್ತಿಲು ದಾಟುವುದಿಲ್ಲ. ಒಂದಿಷ್ಟು ಜೋಳ, ಒಂದು ತೆಂಗಿನಕಾಯಿ ಇಟ್ಟು ಕಳಿಸುತ್ತೇವೆ. ಮರಳಿ ಬರುವಾಗಲೂ ಅದು ತುಂಬಿಕೊಂಡೇ ಬರುತ್ತದೆ.

“ನಿನ್ನ ಗಂಡ ಮಲಗಿದ್ದ ತೊಟ್ಟಲಾ ಅದು. ಬಾಡಿಗಿ ಸೈಕಲ್ ಮಾಡಾಕ ಹೊಂಟಿ ಏನವಾ?” ಎಂದರು. ಎರಡು ದಿನ ಬಿಟ್ಟು, “ಒಂದು ಸಲ ಕೊಟ್ಟು ನೋಡು, ನಾನೂ ಬರ್ತೀನಿ. ಮಂದಿ ಮುಂದ ಮರ್ಯಾದಿ ಹೋತಂದ್ರ ತೊಟ್ಟಲಾ ಅಟ್ಟಕ್ಕ, ಈ ಮಾತು ಅಲ್ಲಿಗೇ ಮುಗೀತು,” ಎಂದು ಷರತ್ತು ಹಾಕಿದರು. ನಾನು ಒಪ್ಪಿದೆ.

ಮೊದಲ ಗಿರಾಕಿಯೂ ಸಿಕ್ಕಿದಳು, ದವಾಖಾನೆಯ ನರ್ಸ್ ಲತಾಳ ತಂಗಿ. ಅವಳ ಮಗಳಿಗೆ ಹೆಸರಿಡುವ ಭಾನುವಾರ ನನ್ನ ಗಂಡ ಬಾಡಿಗೆಯ ಟಂಟಂ ಆಟೋ ತಂದರು. ಅವರದು ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ನಾನು ಬೆಳಗಿನ ಬಸ್ಸಿಗೆ ಓಡತೊಡಗಿದಾಗಿನಿಂದ ಮಗಳಿಗೆ ಜಡೆ ಹಾಕುವುದೂ ಅವರೇ. ತಂತಿ ಸುತ್ತಿದ ಕೈಯಾದ್ದರಿಂದ ಆ ಜಡೆ ಸಂಜೆಯಾದರೂ ಬಿಚ್ಚುವುದಿಲ್ಲ.

ಫ್ಲ್ಯಾಟಿನಲ್ಲಿ ತೊಟ್ಟಿಲು ಇಳಿಸಿದಾಗ ಎಲ್ಲರೂ ಬಾಯ್ತುಂಬ ಹೊಗಳಿದರು. ಆಮೇಲೆ ಯಾರೋ, “ಎಲ್ಲಿ ಕಟ್ಟೂದ್ರಿ?” ಎಂದು ಕೇಳಿದರು. ನಾನು ತಲೆಯೆತ್ತಿದೆ. ಮೇಲೆ ಬೆಳ್ಳಗೆ ನುಣ್ಣಗಿನ ಛಾವಣಿ, ನಡುವೆ ಒಂದು ಫ್ಯಾನು. ಹುಟ್ಟಿದಾಗಿನಿಂದ ತೊಲೆಗಳ ಕೆಳಗೆ ಬೆಳೆದವಳಿಗೆ ತೊಲೆಯಿಲ್ಲದ ಮನೆಯಲ್ಲೂ ಕೂಸು ಹುಟ್ಟುತ್ತದೆ ಎಂದು ಹೊಳೆದೇ ಇರಲಿಲ್ಲ! ದಿನವೂ ಅಂಥದೇ ಛಾವಣಿಯ ಕೆಳಗೆ ಕೂತು ಊರ ಕಣ್ಣಿಗೆಲ್ಲ ಚೀಟಿ ಬರೆಯುವವಳು ನಾನು.

ಆರತಿ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿದರು. ಕೂಸು ಅಳತೊಡಗಿತು. ನನಗೂ ಅಳು ಬರುವಂತಾಯಿತು. ಅತ್ತೆಯ ಕಡೆ ನೋಡುವ ಧೈರ್ಯವಾಗಲಿಲ್ಲ.

“ಬಾಜೂಕ ಮನಿ ಕಟ್ಟಾಕತ್ತಾರ. ಒಂದು ಗಟ್ಟಿ ಬಿದಿರು ಇಸ್ಕೊಂಡು ಬಾ,” ಎಂದು ಅತ್ತೆ ಮಗನಿಗೆ ಹೇಳಿದರು. ಬಿದಿರು ಬಂತು. ಅದರ ಒಂದು ತುದಿ ನನ್ನ ಗಂಡನ ಹೆಗಲಿಗೆ, ಇನ್ನೊಂದು ಕೂಸಿನ ಸೋದರಮಾವನ ಹೆಗಲಿಗೆ. ನಡುವೆ ತೊಟ್ಟಿಲು ನೆಲ ಬಿಟ್ಟು ಎದ್ದಿತು. ಜೋಗುಳ ಹಾಡುತ್ತಿದ್ದ ಆ ಮನೆಯ ಅಜ್ಜಿ ಹುರುಪಿನಿಂದ ಒಂದೊಂದೇ ನುಡಿ ಸೇರಿಸುತ್ತ ಹೋದರು. ನಮ್ಮವರು ಬೆವರೊರೆಸಿಕೊಳ್ಳಲೂ ಆಗದೆ, “ಅಮ್ಮಾರ, ಹಾಡು ಇನ್ನೂ ಭಾಳ ಐತೇನ್ರಿ?” ಎಂದದ್ದಕ್ಕೆ ಮನೆಯೆಲ್ಲ ನಕ್ಕಿತು. ಕೂಸು ಆಗಲೇ ಕಣ್ಣು ಮುಚ್ಚಿತ್ತು.

ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಬಸ್ಸಿನಲ್ಲಿ ಯೋಚಿಸುವಾಗ ಹಗ್ಗ, ಗೆಜ್ಜೆ, ಟಂಟಂ ಎಲ್ಲ ನೆನಪಾಗಿದ್ದವು. ನೌಕರಿ, ಮನೆ ಎರಡನ್ನೂ ನಾನೊಬ್ಬಳೇ ತೂಗಿಸುತ್ತಿದ್ದೇನೆ ಎಂಬ ಸಣ್ಣ ಜಂಬವೂ ಇತ್ತು. ಆ ಎರಡನ್ನೂ ಯಾವ ತೊಲೆಗೆ ಕಟ್ಟಿದ್ದೇನೆ ಎಂದು ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ. ನನ್ನ ಪುಣ್ಯ ದೊಡ್ಡದು, ತೊಲೆ ಗಟ್ಟಿಯಾಗಿತ್ತು.

ಮರಳುವಾಗ ತೊಟ್ಟಿಲಲ್ಲಿ ಬಾಡಿಗೆಯ ಲಕೋಟೆಯ ಜೊತೆ ಅಕ್ಕಿ, ತೆಂಗಿನಕಾಯಿ, ಬುತ್ತಿ ಕಟ್ಟಿದ ಹೋಳಿಗೆಯೂ ಇದ್ದವು. ಕಲಘಟಗಿ ಹತ್ತಿರ ಬರುವವರೆಗೂ ಅತ್ತೆ ತೊಟ್ಟಿಲಲ್ಲಿನ ಅಕ್ಕಿ ಚೆಲ್ಲದಂತೆ ಕೈ ಅಡ್ಡ ಹಿಡಿದಿದ್ದರು. ತೀರ್ಪಿಗೆ ಕಾದು ಕೂತಿದ್ದ ನನ್ನನ್ನು ಕೊನೆಗೊಮ್ಮೆ ಕೇಳಿದರು: “ಮುಂದಿಂದು ಯಾವಾಗ? ಅಷ್ಟರಾಗ ಬಡಿಗ್ಯಾರ ಕಡೆ ಒಂದು ಸ್ಟ್ಯಾಂಡ್ ಮಾಡಿಸು.”

ಸ್ಟ್ಯಾಂಡ್ ಬಂದಿದೆ, ಗಟ್ಟಿಮುಟ್ಟಾಗಿದೆ. ಆದರೂ ತೊಟ್ಟಿಲು ಹೊರಡುವ ಪ್ರತಿ ಭಾನುವಾರ ನಮ್ಮವರು ಟವೆಲ್ಲನ್ನು ಮಡಚಿ ಹೆಗಲ ಮೇಲೆ ಇಟ್ಟುಕೊಂಡೇ ಟಂಟಂ ಹತ್ತುತ್ತಾರೆ.