ಹಾನಗಲ್ಲಿನ ಹನ್ನೊಂದು ಡಾಕ್ಟರುಗಳು

ಕಳೆದ ಭಾನುವಾರ ಹಾನಗಲ್ಲಿನ ಒಂದೇ ಕೋಣೆಯಲ್ಲಿ ಹನ್ನೊಂದು ಡಾಕ್ಟರುಗಳ ಮಕ್ಕಳನ್ನು ಕಂಡೆ. ಅದೂ ಒಂದೇ ತಾಸಿನಲ್ಲಿ!

ನಂಬಿಕೆ ಬರುತ್ತಿಲ್ಲವೇ? ನನಗೂ ಬರಲಿಲ್ಲ. ಇಷ್ಟೊಂದು ಡಾಕ್ಟರು ಇಲ್ಲೇ ಇದ್ದರೆ ನಾನು ಮಂಡಿನೋವಿಗೆ ಹುಬ್ಬಳ್ಳಿ ಬಸ್ಸು ಹತ್ತಿದ್ದೇಕೆ?

ಅದು ಇಂಗ್ಲಿಷ್ ಟ್ಯೂಶನ್ನಿನ ಪೇರೆಂಟ್ಸ್ ಡೇ. (ಪತ್ರಿಕೆಯಲ್ಲಿ ಬರೆಯುವವಳು ಎಂದು ನನ್ನನ್ನು ಚೀಫ್ ಗೆಸ್ಟ್ ಮಾಡಿದ್ದರು. ಮೊದಲು ಕರೆದವರು ಬರಲಿಲ್ಲವಂತೆ.) ಮೂರು, ನಾಲ್ಕನೇ ಕ್ಲಾಸಿನ ಮಕ್ಕಳು ಒಬ್ಬೊಬ್ಬರಾಗಿ ಮುಂದೆ ಬಂದು, ಕೈಕಟ್ಟಿ ನಿಂತು, ಉಸಿರು ಬಿಡದೆ 'ಮೈಸೆಲ್ಫ್' ಒಪ್ಪಿಸುತ್ತಿದ್ದರು. ಹೆಸರೊಂದು ಬೇರೆ, ಉಳಿದದ್ದೆಲ್ಲ ಒಂದೇ. ಮೈ ಫಾದರ್ ಈಸ್ ಎ ಡಾಕ್ಟರ್. ಮೈ ಮದರ್ ಈಸ್ ಎ ಹೌಸ್‌ವೈಫ್. ವಿ ಲಿವ್ ಇನ್ ಎ ಬಿಗ್ ಹೌಸ್.

ಎದುರಿಗೆ ಜಮಖಾನದ ಮೇಲೆ ಆ ಡಾಕ್ಟರುಗಳು ಕುಳಿತಿದ್ದರು. ಒಬ್ಬರು ಟಂಟಂ ಆಟೊ ಓಡಿಸುವವರು. ಇನ್ನೊಬ್ಬರು ಸಂತೆಯಲ್ಲಿ ಬಳೆ ಮಾರುವವರು. 'ಹೌಸ್‌ವೈಫ್'ಗಳಲ್ಲಿ ಇಬ್ಬರು ಬೆಳಗ್ಗೆಯಷ್ಟೇ ಗೋವಿನಜೋಳದ ಹೊಲದಲ್ಲಿ ಕಳೆ ಕಿತ್ತು ಬಂದವರು. ಇಂಗ್ಲಿಷ್ ಒಂದಕ್ಷರ ಗೊತ್ತಿಲ್ಲ, ಪಾಪ. ಮಕ್ಕಳ ಬಾಯಿಯನ್ನೇ ನೋಡುತ್ತ ಚಪ್ಪಾಳೆ ತಟ್ಟುತ್ತಿದ್ದರು.

ಎಲ್ಲರಿಗಿಂತ ಜೋರಾಗಿ ತಟ್ಟಿದವರು ಫಕ್ಕೀರಪ್ಪ. ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಕೆಲಸ. ನಮ್ಮ ಮನೆಯ ಭತ್ತ ಅಲ್ಲಿಗೇ ಹೋಗುತ್ತದೆ, ಹಾಗಾಗಿ ಪರಿಚಯ. ಮಗಳು ಭೂಮಿಕಾ ಹೇಳಿ ಮುಗಿಸಿದ್ದೇ ತಡ, ವಿಡಿಯೋ ಮಾಡಿದ ಮೊಬೈಲು ಹಿಡಿದುಕೊಂಡೇ ನನ್ನ ಬಳಿ ಬಂದರು.

"ಅಕ್ಕಾರ, ಫಾದರ್ ಅಂದದ್ದು ತಿಳೀತ್ರಿ, ಮುಂದಿಂದು ಗಡಬಡ ಅಂದ್ಲು, ಗೊತ್ತಾಗಲಿಲ್ರಿ. ನನ್ನ ಬಗ್ಗೆ ಏನ್ ಹೇಳಿದ್ಲ್ರಿ?"

ಏನು ಹೇಳಲಿ? "ಚಲೋ ಹೇಳಿದ್ಲು" ಎಂದು ಜಾರಿಕೊಂಡೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಚಹಾ ಕುಡಿಯುವ ಗದ್ದಲದಲ್ಲಿ ಟ್ಯೂಶನ್ ಮಿಸ್ ಹತ್ತಿರ ಹೋದೆ.

"ಇವರೆಲ್ಲಾ ಡಾಕ್ಟರ್ ಯಾವಾಗ ಆದ್ರವ್ವ?"

"ಗೈಡ್‌ನ್ಯಾಗ ಹಂಗ ಐತ್ರಿ ಮೇಡಂ. ಎಲ್ಲಾರಿಗೂ ಅದನ್ನ ಬಾಯಿಪಾಠ ಮಾಡಸ್ತೇನಿ. ಗಿರಣಿ, ಬಳಿ, ಟಂಟಂ ಅಂತ ಸ್ಟೇಜಿನ ಮ್ಯಾಲೆ ಹೇಳಿಸಿದ್ರ ಪಾಲಕರಿಗೆ ಅವಮಾನ ಅಲ್ಲೇನ್ರಿ?"

ಅವಮಾನವೇ? ಅವರಲ್ಲಿ ಒಬ್ಬರನ್ನಾದರೂ ಕೇಳಿದ್ದಾರೆಯೇ ಈ ಮಹಾತಾಯಿ?

ಭೂಮಿಕಾಳನ್ನು ಕರೆದೆ. "ನಿಮ್ಮಪ್ಪ ಏನ್ ಕೆಲಸ ಮಾಡ್ತಾರ?" ಎಂದೆ. ಅಷ್ಟು ಕೇಳಿದ್ದೇ ಸಾಕಾಯಿತು ನೋಡಿ, ಕಟ್ಟಿದ್ದ ಕೈ ಬಿಚ್ಚಿತು.

"ನಮ್ಮಪ್ಪ ಭತ್ತದ್ದು ಒಂದ ಕಾಳು ಹಲ್ಲಾಗ ಕಡಿದು ನೋಡ್ತಾನ್ರಿ. ಇನ್ನ ಅರ್ಧ ದಿನ ಒಣಗ್ಲಿ, ಈಗ ಹಾಕಿದ್ರ ಬರೇ ನುಚ್ಚ ಆಗತೈತಿ ಅಂತಾನ್ರಿ. ಮಾಲಕರೂ ಅವನ್ನ ಕೇಳೇ ಮಷಿನ್ ಚಾಲೂ ಮಾಡ್ತಾರ್ರಿ!"

"ಮತ್ತ ಇದನ್ನ ಯಾಕ ಹೇಳಲಿಲ್ಲ?"

ಚೀಲದಿಂದ ನೋಟ್‌ಬುಕ್ ತೆಗೆದು ಕೊಟ್ಟಳು. ಪೆನ್ಸಿಲಿನಲ್ಲಿ ಎರಡು ಸಾಲು ಇಂಗ್ಲಿಷ್. ಮೈ ಫಾದರ್ ವರ್ಕ್ ಇನ್ ರೈಸ್ ಮಿಲ್. ಹಿ ಬೈಟ್ ಒನ್ ರೈಸ್ ಆಂಡ್ ಟೆಲ್. ಎರಡರ ಮೇಲೂ ಈ ತುದಿಯಿಂದ ಆ ತುದಿಗೆ ಕೆಂಪು ಗೀಟು. ಮೇಲೆ ಮಿಸ್ ಅಕ್ಷರದಲ್ಲಿ 'ಡಾಕ್ಟರ್'.

ತಪ್ಪುಗಳಿದ್ದವು, ಹೌದು. ತಿದ್ದಬೇಕಿತ್ತು, ಅದಕ್ಕೇ ಅಲ್ಲವೇ ಟ್ಯೂಶನ್? ಆದರೆ ಅಂದು ಆ ಕೋಣೆಯಲ್ಲಿದ್ದ ನಿಜವಾದ ಇಂಗ್ಲಿಷ್ ಅಂದರೆ ಅದೆರಡೇ ಸಾಲು. ಒಂಬತ್ತು ವರ್ಷದ ಹುಡುಗಿ ತಾನು ಕಂಡದ್ದನ್ನು ತಾನೇ ಹುಡುಕಿದ ಶಬ್ದಗಳಲ್ಲಿ ಹೇಳಿದ್ದಳು. ನಾನು ಇಂಗ್ಲಿಷ್ ವಿರೋಧಿಯಲ್ಲ, ಮಾರಾಯರೇ. ಶಿಗ್ಗಾಂವಿಗೆ ಹೋಗಿ, ಸವಣೂರಿಗೆ ಹೋಗಿ, ಹಿರೇಕೆರೂರಿಗೆ ಹೋಗಿ, ಇಂಥದ್ದೇ ಟ್ಯೂಶನ್ ಬೋರ್ಡು ಕಾಣುತ್ತದೆ. ಕಲಿಸಲಿ, ಬೇಡ ಅಂದವರಾರು? ಆದರೆ ಮಗು ತಾನಾಗಿ ಬಾಯಿಬಿಟ್ಟಾಗ ಬಾಯಿ ಹೊಲಿದು, ಗೈಡಿನ ಸುಳ್ಳು ತುರುಕುವುದಕ್ಕೆ ಕಲಿಸುವುದು ಅನ್ನುತ್ತಾರೆಯೇ?

ಅಷ್ಟರಲ್ಲಿ ಫಕ್ಕೀರಪ್ಪ ಮತ್ತೆ ಬಂದರು. ನೋಟ್‌ಬುಕ್ ನೋಡಿ ಮುಖ ಸಣ್ಣದಾಯಿತು.

"ಕೆಂಪ ಗೀಟ್ ಯಾಕ್ರಿ ಅಕ್ಕಾರ? ತಪ್ಪ ಬರದಾಳೇನ್ರಿ?"

ಈ ಸಲ ಜಾರಿಕೊಳ್ಳಲಿಲ್ಲ. ಮಗಳು ಏನು ಬರೆದಿದ್ದಳು, ಏನು ಹೊಡೆದುಹಾಕಿದರು, ಕಡೆಗೆ ಏನು ಹೇಳಿಸಿದರು, ಎಲ್ಲ ಹೇಳಿದೆ. ಅವರು ಆ ಎರಡು ಸಾಲುಗಳ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನನ್ನೇ ಸಮಾಧಾನ ಮಾಡುವವರಂತೆ ನಕ್ಕರು.

"ಡಾಕ್ಟರ್ ಅಂದ್ರ ಮಾರ್ಕ್ಸ್ ಜಾಸ್ತಿ ಬರ್ತಾವಂದ್ರ ಹಂಗ ಅನ್ಲಿ ಬಿಡ್ರಿ. ನಂದೇನೈತ್ರಿ ಅದರಾಗ?"

ಭೂಮಿಕಾ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಈಗ ಹೇಳಿ ಮಿಸ್, ಆ ಮನುಷ್ಯನಿಗೆ ಅವಮಾನ ಮಾಡಿದ್ದು ಗಿರಣಿಯೋ, ನಿಮ್ಮ ಪೆನ್ನೋ?