ಗಾಳಿ ಕದ್ದ ದೊರೆಯ ಬಂಟನಾಗಿ

ಆ ಭಾನುವಾರ ಬೆಳಿಗ್ಗೆ ಭದ್ರಾವತಿಯ ಖಾಲಿ ಗೋಡೌನೊಂದರಲ್ಲಿ ನಾವು ಐದು ಜನ ಇದ್ದೆವು. ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೇಡಂ ಕೂತಿದ್ದರು; ನಾಟಕ ಬರೆದವರೂ ಆಡಿಸುವವರೂ ಅವರೇ, ಶಿವಮೊಗ್ಗದ ವಿದ್ಯಾನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಕಬ್ಬಿಣದ ಸ್ಟೂಲೊಂದನ್ನು ಸಿಂಹಾಸನ ಮಾಡಿಕೊಂಡು ಅಸುರರಾಜ ಕೂತಿದ್ದರು. ಮೂರು ಲೋಕದ ಗಾಳಿಯನ್ನೂ ಕದ್ದು ಮೂಟೆ ಕಟ್ಟಿಡುವ ಅಸುರ. ವರ್ಷಗಳಿಂದ ನಮ್ಮ ತಂಡದಲ್ಲಿ ಕೇಡಿಗರ ಪಾತ್ರವೆಲ್ಲ ಅವರದೇ ಆದ್ದರಿಂದ ಎಲ್ಲರೂ ಅವರನ್ನು ದೊರೆ ಎಂದೇ ಕರೆಯುತ್ತಿದ್ದೆವು. ಗಾಳಿಯನ್ನು ಬಿಡಿಸಲು ಬರುವ ರಾಜಕುಮಾರನಾಗಿ ಒಬ್ಬ ಎಲ್‌ಐಸಿ ಏಜೆಂಟ್ ಕತ್ತಿ ಹಿಡಿದು ನಿಂತಿದ್ದ. ದೊರೆಯ ಎರಡು ಪಕ್ಕದಲ್ಲಿ ಎರಡು ಮೂಟೆ ಹೊತ್ತ ಬಂಟರು ನಾವು: ಒಬ್ಬ ನಾನು, ಇನ್ನೊಬ್ಬ ಇಡ್ಲಿ ಗಾಡಿ ಇಟ್ಟುಕೊಂಡಿದ್ದ ಗೆಳೆಯ. ಅವನ ಮನೆಮಾತು ತಮಿಳು, ರಂಗದ ಮೇಲೆ ಮಾತ್ರ ನಮ್ಮೆಲ್ಲರಿಗಿಂತ ಸ್ಪಷ್ಟ ಕನ್ನಡ.

ಅಂದು ದೊರೆ ರಾಜಕುಮಾರನ ಮಾತು ಮುಗಿಯುವ ಮೊದಲೇ ಮತ್ತೆ ಮತ್ತೆ ಬಾಯಿ ಹಾಕಿದರು. ಒಮ್ಮೆಯಂತೂ ಅವನು ಸವಾಲು ಹಾಕಿ ನಿಂತೇ ಇದ್ದ, ಇವರು ಎತ್ತಲೋ ನೋಡುತ್ತ ಸುಮ್ಮನಿದ್ದರು. ಮೇಡಂ ಬೈಯುವವರಲ್ಲ. ಮುಂದಿನ ವಾರವೂ ಹೀಗೇ ಆದರೆ ಈ ಪಾತ್ರವನ್ನು ತಂಡದ ಇನ್ನೊಬ್ಬ ನಟರಾದ ಬ್ಯಾಂಕಿನವರಿಗೆ ಕೊಡುತ್ತೇನೆ, ಅವರಿಗೆ ಮಾತೆಲ್ಲ ಬಾಯಿಪಾಠವಾಗಿದೆ ಎಂದು ಮೆಲ್ಲಗೆ ಹೇಳಿ ಸ್ಕೂಟರ್ ಹತ್ತಿದರು. ಅವರು ಹೇಳಿದ್ದು ದೊರೆಗೆ ಕೇಳಿಸಿರಲಿಲ್ಲ. "ಏನಂದ್ರು?" ಎಂದು ನನ್ನನ್ನು ಕೇಳಿದರು. ಆಗ ನನಗೆ ವಿಷಯ ಹೊಳೆಯಿತು.

ಹೊರಗಿನವರಿಗೆ ಬಂಟನ ಕೆಲಸ ಸುಲಭ ಎನಿಸುತ್ತದೆ. ಮೂಟೆ ಹೊರು, "ಅಪ್ಪಣೆ ಪ್ರಭೂ" ಅನ್ನು, ಕತ್ತಿ ಬಂದಾಗ ಬೀಳು. ನನ್ನಜ್ಜಿ ರಾಕ್ಷಸರ ಕಥೆ ಹೇಳುವಾಗ ರಾಕ್ಷಸನನ್ನು ಎರಡು ಮಾತಿನಲ್ಲಿ ಮುಗಿಸಿ, ಅವನಿಗೆ ಅನ್ನ ಬೇಯಿಸುವವರು ಯಾರು, ಅವನ ಅಷ್ಟಗಲದ ಪಂಚೆ ಒಗೆಯುವವರು ಯಾರು ಎಂಬ ವಿಚಾರಕ್ಕೆ ಇಳಿದುಬಿಡುತ್ತಿದ್ದಳು. ಆಗ ನಗು ಬರುತ್ತಿತ್ತು. ಬಂಟನಾದ ಮೇಲೆ ಅವಳ ಲೆಕ್ಕ ಸರಿ ಎನಿಸಿತು. ದೊರೆ ಕೆಮ್ಮಿದರೆ ನಾವು ನಡುಗಬೇಕು. ನಾವು ನಡುಗಿದರೇನೇ ಜನ ಅವನನ್ನು ಅಸುರ ಎಂದು ನಂಬುವುದು. ನಾವು ಆಕಳಿಸಿದರೆ ಅವನು ಬಣ್ಣ ಬಳಿದುಕೊಂಡ ಮುದುಕ, ಅಷ್ಟೇ.

ಮೂಟೆಯದೇ ಒಂದು ದೊಡ್ಡ ಚರ್ಚೆಯಾಗಿತ್ತು. ಶಿವಮೊಗ್ಗದ ಗಾಂಧಿ ಬಜಾರಿನಿಂದ ತಂದ ಗೋಣಿಚೀಲಕ್ಕೆ ಹತ್ತಿ ತುಂಬಿ ಹೊಲಿದಿದ್ದೆವು. ಇಡ್ಲಿ ಗೆಳೆಯ ಅದನ್ನು ಅಕ್ಕಿಮೂಟೆಯ ಹಾಗೆ ಬಗ್ಗಿ ಹೊತ್ತರೆ, ನಾನು ಹಾರಿಹೋಗುವುದನ್ನು ಹಿಡಿದ ಹಾಗೆ ತುದಿಗಾಲಲ್ಲಿ ನಡೆಯುತ್ತಿದ್ದೆ. ಗಾಳಿಮೂಟೆ ಭಾರವೋ ಹಗುರವೋ ಮೇಡಂಗೂ ತಿಳಿಯಲಿಲ್ಲ. ಕೊನೆಗೆ ತೀರ್ಪು ಕೊಟ್ಟವರು ದೊರೆ. "ಕದ್ದ ಮಾಲು ಕಣ್ರೋ, ಭಾರವಾಗೇ ಇರ್ಬೇಕು," ಎಂದರು. ಅಂದಿನಿಂದ ಇಬ್ಬರೂ ಬಗ್ಗಿ ಹೊತ್ತೆವು.

ಆ ಭಾನುವಾರ ಸಂಜೆಯೇ ದೊರೆಯ ಮನೆಗೆ ಹೋದೆ. ದೊರೆ ಒಳಗೆ ಸ್ನಾನಕ್ಕೆ ಹೋಗಿದ್ದರು. ಅತ್ತಿಗೆ, ಅಂದರೆ ಅವರ ಹೆಂಡತಿ, ಗೇಟಿನ ಹತ್ತಿರವೇ ನಿಲ್ಲಿಸಿ ಮಾತಾಡಿದರು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಕೂಗಿದರೆ ಕೇಳಿಸುತ್ತದೆ, ಮಷೀನು ಹಾಕಿಕೊಳ್ಳಿ ಎಂದರೆ ಊಟ ಬಿಟ್ಟು ಏಳುತ್ತಾರೆ ಎಂದರು. ನಾನು ಪಾತ್ರದ ವಿಷಯ ಹೇಳಿದಾಗ ಒಂದು ಹೆಜ್ಜೆ ಹತ್ತಿರ ಬಂದರು.

"ವರ್ಕ್‌ಶಾಪು ಮುಚ್ಚಿದ ಮೇಲೆ ಆ ಮನುಷ್ಯ ಯಾರ ಹತ್ರಾನೂ ಕೂತು ಮಾತಾಡಲ್ಲ. ಈ ನಾಟಕ ಅಂದ್ರೆ ಮಾತ್ರ ಬೆಳಿಗ್ಗೆ ಎದ್ದು ಗಡ್ಡ ಹೆರ್ಕೋತಾರೆ. ಅದನ್ನೂ ಕಿತ್ಕೋಬೇಡ್ರಪ್ಪ."

ಅಷ್ಟು ಹೊತ್ತಿಗೆ ದೊರೆ ತಲೆ ಒರೆಸಿಕೊಳ್ಳುತ್ತ ಬಂದರು. ಕಿವಿಯ ಮಾತೆತ್ತಿದ್ದಕ್ಕೆ, ಎಲ್ಲರೂ ಬಾಯೊಳಗೆ ಮುದ್ದೆ ಇಟ್ಟುಕೊಂಡವರ ಹಾಗೆ ಮಾತಾಡಿದರೆ ಯಾರಿಗೆ ಕೇಳಿಸುತ್ತದೆ ಎಂದು ನನ್ನ ಮೇಲೇ ತಿರುಗಿದರು. ನಾನು ವಾದ ಮಾಡಲಿಲ್ಲ. ತೋರುಬೆರಳು ಎತ್ತಿ ತೋರಿಸಿದೆ.

ಇಲ್ಲಿ ನಮ್ಮಿಬ್ಬರ ಹಿಂದಿನ ಸಂಬಂಧ ಹೇಳಬೇಕು. ನಾಟಕಕ್ಕೆ ಮೊದಲು ನಾವಿಬ್ಬರೂ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಾದ ಕಬ್ಬಿಣ ಬಡಿಯುವವರು. ಇಕ್ಕಳದಲ್ಲಿ ಕೆಂಪು ಕಬ್ಬಿಣ ಹಿಡಿಯುವವರು ಅವರು, ಯಂತ್ರದ ಸುತ್ತಿಗೆಯ ಹಿಡಿ ಒತ್ತುವವನು ನಾನು. ಆ ಸದ್ದಿನಲ್ಲಿ ಮಾತು ನಡೆಯುವುದಿಲ್ಲ, ಎಲ್ಲ ಕೈಯಲ್ಲೇ. ಬೆರಳೆತ್ತಿದರೆ ಒಂದು ಹಗುರ ಪೆಟ್ಟು. ಮುಷ್ಟಿ ಬಿಗಿದರೆ ಜೋರು. ಅಂಗೈ ತೋರಿಸಿದರೆ ನಿಲ್ಲಿಸು. ಅವರ ಕೈ ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸುವಂತಿರಲಿಲ್ಲ, ಹಾಯಿಸಿದರೆ ಅವರ ಬೆರಳೇ ಹೋಗುತ್ತಿತ್ತು.

"ಬೆರಳೆತ್ತಿದ್ರೆ ನಿಮ್ಮ ಮಾತು. ಮುಷ್ಟಿ ಹಿಡಿದ್ರೆ ನಿಮ್ಮ ಅಟ್ಟಹಾಸ. ಅಂಗೈ ತೋರ್ಸಿದ್ರೆ ಸುಮ್ನಿರಿ, ಅವನು ಮಾತಾಡ್ತಿದಾನೆ ಅಂತ," ಎಂದು ಬಲಗಿವಿಗೆ ಕೂಗಿದೆ.

"ನಿನ್ನ ಕೈ ನೋಡಿ ನಾನು ಬಾಯಿ ಬಿಡ್ಬೇಕೇನೋ?"

"ಅಷ್ಟು ವರ್ಷ ನಿಮ್ಮ ಕೈ ನೋಡಿ ನಾನು ಸುತ್ತಿಗೆ ಬಿಟ್ಟಿಲ್ವಾ ಅಣ್ಣ?"

ಅವರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, ಬಾ ಎಂದು ಒಳಗೆ ಕರೆದರು. ಆ ವಾರವಿಡೀ ಅವರ ಅಡುಗೆಮನೆಯಲ್ಲೇ ಅಭ್ಯಾಸ ನಡೆಯಿತು. ರಾಜಕುಮಾರನ ಮಾತನ್ನು ಅತ್ತಿಗೆ ಸೊಪ್ಪು ಸೋಸುತ್ತ ಓದುತ್ತಿದ್ದರು.

ಬಂಟ ಎಂದೂ ದೊರೆಗೆ ಬೆನ್ನು ತೋರಿಸಬಾರದು ಎಂಬುದು ನಮ್ಮ ತಂಡದ ಕಟ್ಟಳೆ. ಅದರಿಂದ ನಮಗೆ ಅನುಕೂಲವೇ ಆಯಿತು. ಜನರಿಗೆ ನನ್ನ ಬೆನ್ನು, ದೊರೆಗೆ ಎದೆಯ ಮುಂದಿನ ನನ್ನ ಕೈ. ಮುಂದಿನ ಭಾನುವಾರ ಒಂದೇ ಒಂದು ಮಾತೂ ತಪ್ಪಲಿಲ್ಲ. ಮೇಡಂ ಖುಷಿಯಾಗಿ ಬ್ಯಾಂಕಿನವರ ಸುದ್ದಿ ಬಿಟ್ಟರು. ಇಡ್ಲಿ ಗೆಳೆಯ ಮಾತ್ರ ನನ್ನ ಬೆರಳನ್ನೇ ನೋಡುತ್ತಿದ್ದ. "ಏನ್ ಮಾರಾಯ, ದೊರೆಗೆ ಸಾಂಬಾರ್ ಸೌಟು ತಿರುಗಿಸೋದು ಹೇಳ್ಕೊಡ್ತಿದೀಯ?" ಎಂದ. ಅವನಿಗೆ ಹೇಳಿದೆ. ಬಾಯಿ ಬಿಡುವವನಲ್ಲ.

ಆದರೆ ಒಂದು ತೊಡಕು ಉಳಿದಿತ್ತು. ಕೊನೆಯ ದೃಶ್ಯದಲ್ಲಿ ರಾಜಕುಮಾರ ಮೊದಲು ಬಂಟರನ್ನು ಕೊಲ್ಲುತ್ತಾನೆ. ದೊರೆಯೂ ಅವನೂ ಎದುರುಬದುರಾಗಿ ಆಡುವ ಉದ್ದ ಮಾತುಗಳೆಲ್ಲ ನಾವು ಸತ್ತ ಮೇಲೆ. ನನ್ನನ್ನು ಸ್ವಲ್ಪ ಹೊತ್ತು ಬದುಕಿಸಿ ಎಂದು ಮೇಡಂ ಅವರನ್ನು ಕೇಳಿದೆ. ಅಸುರ ಒಂಟಿಯಾಗಲೇಬೇಕು, ಅದೇ ನಾಟಕದ ಜೀವ ಎಂದರು. ಅದೂ ನ್ಯಾಯವೇ. ಹಾಗಾಗಿ ಸಾಯುವ ರೀತಿಯನ್ನೇ ಬದಲಿಸಿದೆ. ನನ್ನ ಮೂಟೆಯ ಹಿಂದೆ ಬಿದ್ದು, ಬಲಗೈಯನ್ನು ಸಿಂಹಾಸನದ ಕಡೆ ಚಾಚಿದರೆ ಜನರಿಗೆ ಕೈ ಕಾಣುವುದಿಲ್ಲ, ದೊರೆಗೆ ಕಾಣುತ್ತದೆ. ಹೆಣದ ಬೆರಳು ಆಡುತ್ತದೆ, ಅಸುರ ಮಾತಾಡುತ್ತಾನೆ. ಗೋಡೌನಿನಲ್ಲಿ ಸರಿಯಾಗಿಯೇ ನಡೆಯಿತು.

ಪ್ರದರ್ಶನ ಶಿವಮೊಗ್ಗದ ಒಂದು ಸಭಾಂಗಣದಲ್ಲಿ, ಮಧ್ಯಾಹ್ನದ ಊಟದ ನಂತರ. ಬಸ್ಸಿನಲ್ಲಿ ಹೋಗುವಾಗ ದೊರೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಮಲವಗೊಪ್ಪ ದಾಟಿದ ಮೇಲೆ ನನ್ನ ಕೈ ಹಿಡಿದು, "ತಪ್ಪಿದ್ರೆ ತಪ್ಪಲಿ ಕಣೋ. ಅರ್ಧಕ್ಕೆ ಮಾತ್ರ ಸ್ಟೇಜಿಂದ ಇಳಿಯಲ್ಲ ನಾನು," ಎಂದರು. ನಾನೂ ಇಳಿಸುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಮೊದಲ ದೃಶ್ಯಗಳು ಅಚ್ಚುಕಟ್ಟಾಗಿ ಹೋದವು. ನಾನು ನಡುಗಿದೆ, ದೊರೆ ಗರ್ಜಿಸಿದರು, ಮುಂದಿನ ಸಾಲಿನ ಮಗುವೊಂದು ಅತ್ತಿತು. ಕೊನೆಯ ದೃಶ್ಯ ಬಂತು. ರಾಜಕುಮಾರ ಕತ್ತಿ ಬೀಸಿದ, ನಾನು ಗೊತ್ತಾದ ಜಾಗದಲ್ಲಿ ಬಿದ್ದು ಕೈ ಚಾಚಿದೆ. ಇಡ್ಲಿ ಗೆಳೆಯನಿಗೆ ಚಪ್ಪಾಳೆಯ ಹುರುಪು. ಒಂದು ಸುತ್ತು ಹೆಚ್ಚಿಗೆ ತಿರುಗಿ, ಮೂಟೆ ಸಮೇತ ನನ್ನ ಬಲಗೈಯ ಮೇಲೇ ಬಿದ್ದು ಸತ್ತ.

ಅವನ ಮೈ ಇಡ್ಲಿಯಂಥದ್ದಲ್ಲ. ಎಳೆದೆ, ಕೈ ಬರಲಿಲ್ಲ. ಏಳು ಎಂದು ಪಿಸುಗುಟ್ಟಿದೆ. ಸತ್ತಿದ್ದೇನೆ ಎಂದು ಅವನೂ ಪಿಸುಗುಟ್ಟಿದ. ಮೇಲೆ ರಾಜಕುಮಾರ ತನ್ನ ಮಾತು ಶುರು ಮಾಡಿದ್ದ. ದೊರೆಯ ಕಣ್ಣು ನೆಲದ ಮೇಲೆ ನನ್ನ ಕೈ ಹುಡುಕುತ್ತಿತ್ತು. ರಾಜಕುಮಾರ ಮಾತು ಮುಗಿಸಿ ಕಾದ. ದೊರೆ ಬಾಯಿ ತೆರೆದರು, ಮುಚ್ಚಿದರು. ಸಭೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

ನಾನು ಎದ್ದೆ. ಕೈಯನ್ನು ಕಿತ್ತುಕೊಂಡು, "ಪ್ರಭೂ" ಎಂದು ನರಳುತ್ತ ತೆವಳಿಕೊಂಡು ಹೋಗಿ ಸಿಂಹಾಸನದ ಮುಂದೆ ಮಂಡಿಯೂರಿದೆ. ಎದೆಯ ಮುಂದೆ ಬೆರಳೆತ್ತಿದೆ. ದೊರೆಯ ಮಾತು ಕಟ್ಟೆಯೊಡೆದ ನೀರಿನಂತೆ ಹೊರಟಿತು. ಪಾಪ, ರಾಜಕುಮಾರನಿಗೆ ದಿಕ್ಕೇ ತೋಚಲಿಲ್ಲ. ಸತ್ತವನು ಎದ್ದಿದ್ದಾನೆ, ಏನು ಮಾಡುವುದು ಎಂದು ಮತ್ತೊಮ್ಮೆ ಕಡಿದ. ನಾನು ಬಗ್ಗಿದೆ, ಬೀಳಲಿಲ್ಲ. ಜನ ನಕ್ಕರು. ಮುಂದಿನ ಮಾತಿಗೆ ಮತ್ತೆ ಕಡಿದ. ಬೆನ್ನಿಗೆ ಮರದ ಕತ್ತಿ ಚುರುಕ್ಕೆಂದಿತು, ಆದರೂ ಅಂಗೈ ತೋರಿಸಿದೆ, ಅವನ ಮಾತು ಮುಗಿದಾಗ ಬೆರಳೆತ್ತಿದೆ. ಎಷ್ಟು ಕಡಿದರೂ ಇವನು ದೊರೆಯನ್ನು ಬಿಟ್ಟು ಹೋಗುವುದಿಲ್ಲ ಎಂದು ಜನರಿಗೆ ಅರ್ಥವಾಗಿರಬೇಕು, ನಗು ಇಳಿದು ಸಭೆ ತಣ್ಣಗಾಯಿತು. ಕೊನೆಗೆ ಮುಷ್ಟಿ ಬಿಗಿದೆ. ದೊರೆ ಮಾಡಿದ ಅಟ್ಟಹಾಸ ಇನ್ನೂ ನನ್ನ ಕಿವಿಯಲ್ಲಿದೆ. ಅವರು ಬಿದ್ದ ಮೇಲೆ ಅವರ ಪಾದದ ಹತ್ತಿರ ನಾನೂ ಬಿದ್ದೆ.

ಪರದೆಯ ಹಿಂದೆ ಮೇಡಂ ನೇರವಾಗಿ ನನ್ನ ಹತ್ತಿರ ಬಂದರು. "ಸತ್ತವರು ಯಾಕ್ರೀ ಎದ್ರಿ?"

ನಾನು ಏನೋ ಸುಳ್ಳು ಹೊಂದಿಸುತ್ತಿದ್ದೆ. ಅವರು ಕೇಳಿದ್ದು ದೊರೆಗೆ ಕೇಳಿಸಿರಲಿಕ್ಕಿಲ್ಲ, ಮುಖ ನೋಡಿಯೇ ತಿಳಿದುಕೊಂಡರು. ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ನಿಂತರು.

"ನಂಗೆ ಕಿವಿ ಕೇಳಲ್ಲ ಮೇಡಂ. ಇವನ ಕೈ ನೋಡ್ಕೊಂಡು ಆಡ್ದೆ. ಬೇರೆಯವ್ರಿಗೆ ಕೊಡೋದಾದ್ರೆ ಕೊಡಿ. ಇವತ್ತಿಂದು ಮುಗಿಸ್ದೆ, ಅಷ್ಟು ಸಾಕು."

ಮೇಡಂ ದೊರೆಯ ಮುಖವನ್ನೂ ನನ್ನ ಕೈಯನ್ನೂ ನೋಡಿದರು. ಎಲ್ಲರಿಗೂ ಕಾಫಿ ತರಿಸಿದರು.

ಮರು ತಿಂಗಳು ಭದ್ರಾವತಿಯಲ್ಲಿ ಅದೇ ನಾಟಕ ಮತ್ತೆ ನಡೆಯಿತು. ಅಸುರ ದೊರೆಯೇ. ಮೇಡಂ ಕೊನೆಯ ದೃಶ್ಯವನ್ನು ತಿದ್ದಿ ಬರೆದಿದ್ದರು. ಅದರಲ್ಲಿ ಒಬ್ಬ ಬಂಟ ಕೊನೆಯವರೆಗೂ ಸಾಯುವುದಿಲ್ಲ. ಬ್ಯಾಂಕಿನವರು ಮುಂದಿನ ಸಾಲಿನಲ್ಲಿ ಅತ್ತಿಗೆಯ ಪಕ್ಕ ಕೂತು ನೋಡಿದರು.