ಕೆಟ್ಟಿರದ ಫೋನು

ಉಪ್ಪಳದ ಒಂದು ಕೇಬಲ್ ಆಫೀಸಿನಲ್ಲಿ ಮಹಾಬಲ ಇಪ್ಪತ್ತೊಂದು ವರ್ಷದಿಂದ ಕೆಲಸ ಮಾಡುತ್ತಿದ್ದಾನೆ. ಮೊದಲು ಟಿವಿಯ ದಪ್ಪ ಕಪ್ಪು ವಯರು ಎಳೆಯುತ್ತಿದ್ದವನು ಈಗ ಕೂದಲಿನಷ್ಟು ಸಪೂರದ ಗಾಜಿನ ಎಳೆಗಳನ್ನು ಮಿಶಿನಿನಲ್ಲಿಟ್ಟು ಜೋಡಿಸುತ್ತಾನೆ, ಮನೆಮನೆಗೆ ಹೋಗಿ ವೈಫೈ ಕೂರಿಸುತ್ತಾನೆ. ಪೈವಳಿಕೆ, ಎಣ್ಮಕಜೆ ಕಡೆಯ ಗುಡ್ಡೆಗಳಲ್ಲಿ ಯಾವ ಕರೆಂಟ್ ಕಂಬದಿಂದ ಯಾವ ಮನೆಗೆ ಲೈನು ಇಳಿದಿದೆ ಎಂಬುದು ಅವನಿಗೆ ಬಾಯಿಪಾಠ. ಯಾವ ಮನೆಯ ನಾಯಿಯನ್ನು ಕಟ್ಟಿರುವುದಿಲ್ಲ ಎಂಬುದೂ ಗೊತ್ತು. ವಯಸ್ಸು ನಲವತ್ತಾರು, ಮಾತು ಕಡಿಮೆ. ಜನ ಅವನನ್ನು ನಂಬುತ್ತಾರೆ. ನಂಬದೆ ಉಪಾಯವೂ ಇಲ್ಲ. ಮನೆಯವರೆಲ್ಲರ ಫೋನುಗಳನ್ನು ಕೈಯಲ್ಲಿ ಹಿಡಿದು ನೋಡುವವನು, ಪಾಸ್‌ವರ್ಡನ್ನು ಕ್ಯಾಲೆಂಡರಿನ ಹಿಂದೆ ಬರೆದುಕೊಡುವವನು ಅವನೇ ತಾನೆ.

ಸುಬ್ಬರಾಯ ಭಟ್ಟರ ಮನೆ ಎಣ್ಮಕಜೆಯಲ್ಲಿ, ಸರಕಾರಿ ಗೇರು ತೋಟದ ಗುಡ್ಡೆಯ ಬುಡದಲ್ಲಿ, ಬಟ್ಟಲಿನಂತಹ ತಗ್ಗಿನಲ್ಲಿದೆ. ಅಲ್ಲಿ ಯಾವ ಕಂಪೆನಿಯ ಮೊಬೈಲಿಗೂ ರೇಂಜ್ ಸಿಗುವುದಿಲ್ಲ. ಹಳೆಯ ಲ್ಯಾಂಡ್‌ಲೈನು ಸತ್ತು ಎಷ್ಟೋ ವರ್ಷವಾಗಿತ್ತು. ಎರಡು ವರ್ಷದ ಹಿಂದೆ ಹದಿನೇಳು ಕಂಬ ದಾಟಿಸಿ ಅಲ್ಲಿಗೆ ಲೈನು ತಂದು, ಜಗಲಿಯ ಗೋಡೆಗೆ ರೂಟರ್ ಕೂರಿಸಿದವನು ಮಹಾಬಲನೇ. ಆ ಮನೆಯವರು ಹೊರಗಿನವರೊಂದಿಗೆ ಮಾತಾಡಬೇಕಾದರೆ ಅದೊಂದೇ ದಾರಿಯಾಯಿತು.

ಭಟ್ಟರು ಸಹಕಾರಿ ಸಂಘದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಗ ಗಣೇಶಪ್ರಸಾದನಿಗೆ ಅಡುಗೆಯ ಕೆಲಸ. ಮದುವೆ ಉಪನಯನಗಳ ಕಾಲದಲ್ಲಿ ವಾರಗಟ್ಟಲೆ ಮನೆಯಲ್ಲಿ ಇರುತ್ತಿರಲಿಲ್ಲ. ಸೊಸೆ ಶ್ರೀರಂಜಿನಿಯ ತವರು ಪೈವಳಿಕೆ. ಅಲ್ಲಿ ಅವಳ ಅಮ್ಮ ಈಶ್ವರಿಯಮ್ಮ, ಮಗ ಈಶ್ವರಪ್ರಸಾದನ ಜೊತೆ ಇದ್ದರು. ತಾಯಿ ಮಗಳು ದಿನಾ ಸಂಜೆ ವೀಡಿಯೊ ಕಾಲ್‌ನಲ್ಲಿ ಮಾತಾಡುತ್ತಿದ್ದರು. ಒಬ್ಬರು ಅಲ್ಲಿ ತರಕಾರಿ ಹೆಚ್ಚುತ್ತ, ಇನ್ನೊಬ್ಬರು ಇಲ್ಲಿ ಬಟ್ಟೆ ಮಡಚುತ್ತ ಗಂಟೆ ಕಳೆಯುವುದಿತ್ತು.

ಜನವರಿಯ ಒಂದು ಮಧ್ಯಾಹ್ನ ಭಟ್ಟರು ಮಹಾಬಲನನ್ನು ಕರೆಸಿದರು. ಅವರು ಸಂಜೆ ಟಿವಿಯಲ್ಲಿ ನೆಟ್ ಹಾಕಿ ತಾಳಮದ್ದಳೆಯ ನೇರ ಪ್ರಸಾರ ನೋಡುವವರು. ಸರಿಯಾಗಿ ಸಂವಾದ ಕಾವೇರುವಾಗ ಚಿತ್ರ ನಿಂತುಬಿಡುತ್ತದೆ ಎಂಬುದು ದೂರು. ಮಹಾಬಲ ಜಗಲಿಯಿಂದ ಒಳಗಿನ ಕೋಣೆಯ ತನಕ ನಡೆದು ನೋಡಿದ. ಎರಡು ದಪ್ಪ ಗೋಡೆ, ನಡುವೆ ಕಬ್ಬಿಣದ ಕಪಾಟು. ಟಿವಿಯ ಹತ್ತಿರ ವೈಫೈ ಸೊರಗಿ ಹೋಗುತ್ತಿತ್ತು. ರೂಟರಿನ ಬಾಕ್ಸನ್ನು ಜಗಲಿಯಿಂದ ತೆಗೆದು ನಡುಕೋಣೆಗೆ ತಂದರೆ ಸರಿಯಾಗುತ್ತದೆ, ಅರ್ಧ ಗಂಟೆಯ ಕೆಲಸ ಎಂದ.

ಭಟ್ಟರು ಒಪ್ಪಲಿಲ್ಲ. ಸೊಸೆ ಹಿತ್ತಿಲಿನಲ್ಲಿದ್ದಾಳೆ ಎಂದು ಖಾತ್ರಿ ಮಾಡಿಕೊಂಡು ಸ್ವರ ತಗ್ಗಿಸಿದರು.

"ಗೋಡೆಯದ್ದಲ್ಲ ಮಾರಾಯ. ಇವಳು ಸಂಜೆ ಆದರೆ ಅಮ್ಮನ ಹತ್ತಿರ ವೀಡಿಯೊ ಹಾಕಿ ಕೂತ್ಕೊಳ್ತಾಳೆ. ನೆಟ್ ಎಲ್ಲ ಅಲ್ಲಿಗೇ ಹೋಗ್ತದೆ. ಅವಳ ಫೋನಿಗೆ ಬಾರದ ಹಾಗೆ ಮಾಡ್ಲಿಕ್ಕೆ ಆಗ್ತದಲ್ಲ? ಅವಳಿಗೆ ಹೇಳುದು ಬೇಡ."

ಆಗುತ್ತದೆ ಎಂದು ಮಹಾಬಲನಿಗೆ ಗೊತ್ತಿತ್ತು. ಕಾರಣ ಅವಳ ಫೋನಲ್ಲ ಎಂಬುದೂ ಗೊತ್ತಿತ್ತು. ಅದನ್ನು ಇನ್ನೊಮ್ಮೆ ಹೇಳಿದ ಕೂಡ. ಆದರೆ ಆ ದಿನ ಇನ್ನೂ ಮೂರು ಮನೆ ಬಾಕಿ ಇತ್ತು, ಭಟ್ಟರು ಹಿಡಿದ ಮಾತು ಬಿಡುವವರಲ್ಲ. ಅವನು ತನ್ನ ಫೋನಿನಲ್ಲಿ ರೂಟರಿನ ಪುಟ ತೆರೆದ. ಕನೆಕ್ಟ್ ಆಗಿರುವ ಸಾಧನಗಳ ಪಟ್ಟಿಯಲ್ಲಿ ನಾಲ್ಕು ಹೆಸರಿದ್ದವು. ಮೂರನೆಯದು ಅವಳ ಫೋನು. ಅದನ್ನು ಒತ್ತಿ ಬ್ಲಾಕ್ ಮಾಡಿ, ಸೇವ್ ಮಾಡಿದ. ಎರಡು ನಿಮಿಷವೂ ಹಿಡಿಯಲಿಲ್ಲ. ಹೊರಡುವಾಗ ಶ್ರೀರಂಜಿನಿ ಮಜ್ಜಿಗೆ ತಂದುಕೊಟ್ಟಳು. ಅವನು ನಿಂತೇ ಕುಡಿದು ಲೋಟ ಕೆಳಗಿಟ್ಟ.

ನಾಲ್ಕು ದಿನದ ಮೇಲೆ ಅವಳು ಮಾವನ ಫೋನಿನಿಂದ ಅವನಿಗೆ ಕಾಲ್ ಮಾಡಿದಳು. ವೈಫೈ ಹಿಡಿದ ಹಾಗೆ ತೋರಿಸುತ್ತದೆ, ಆದರೆ ಎಂತದೂ ತೆರೆಯುವುದಿಲ್ಲ, ಒಮ್ಮೆ ಬಂದು ನೋಡಿ ಎಂದಳು. ಅವನು ಹೋದ. ದಾರಿಯಲ್ಲೆಲ್ಲ ಹೇಳಿಬಿಡಬೇಕೆಂದೇ ಇದ್ದ. ಆದರೆ ಅವಳು ಫೋನನ್ನು ಅವನ ಕೈಗೆ ಕೊಟ್ಟಾಗ ಭಟ್ಟರು ಪೇಪರ್ ಹಿಡಿದು ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಮಹಾಬಲ ಸುಮ್ಮನೆ ಎರಡು ಸಲ ಫೋನ್ ಆಫ್ ಮಾಡಿ ಆನ್ ಮಾಡಿದ, ಏನೋ ಪರೀಕ್ಷಿಸುವವನಂತೆ ಅತ್ತಿತ್ತ ಒತ್ತಿದ.

"ಲೈನಿನದ್ದು ಎಂತ ಸಮಸ್ಯೆ ಇಲ್ಲ ಅಕ್ಕ," ಎಂದ. "ನಿಮ್ಮ ಫೋನು ಹಳತಾಯ್ತು. ಒಳಗೆ ವೈಫೈಯ ಭಾಗ ಹಾಳಾಗಿರಬೇಕು. ಫೋನ್ ಬದಲಿಸಬೇಕು, ಅಷ್ಟೇ."

ಅವಳು ನಂಬಿದಳು. ಮದುವೆಯ ವರ್ಷದ ಫೋನು, ಐದು ವರ್ಷವಾಯಿತು, ಹಾಳಾಗಲೇಬೇಕಲ್ಲ ಎಂದಳು. ಗಂಡ ಮೇ ತಿಂಗಳ ಸೀಸನ್ ಮುಗಿಸಿ ಬರಲಿ, ಆಮೇಲೆ ನೋಡುತ್ತೇನೆ ಎಂದು ಅದನ್ನು ಕಿಟಕಿಯ ಮೇಲಿಟ್ಟಳು.

ಆ ಸುಳ್ಳು ಮಹಾಬಲನ ಜೊತೆಗೇ ಬಂತು. ಭಟ್ಟರು ಹೇಳಿದ್ದನ್ನು ಮಾಡಿದ್ದು ಒಂದು ಕೆಲಸ. ಗಿರಾಕಿ ಹೇಳಿದ್ದು, ಮಾಡಿದ್ದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳಬಹುದಿತ್ತು. ಆದರೆ ಫೋನ್ ಹಾಳಾಗಿದೆ ಎಂದು ಹೇಳಲು ಅವನಿಗೆ ಯಾರೂ ಹೇಳಿರಲಿಲ್ಲ. ಅದು ಅವನದೇ ಬಾಯಿಂದ ಬಂದದ್ದು.

ಫೆಬ್ರವರಿಯಲ್ಲಿ ಒಮ್ಮೆ ಆ ಗುಡ್ಡೆಯ ರಸ್ತೆಯಲ್ಲಿ ಬೈಕಿನಲ್ಲಿ ಹೋಗುವಾಗ ಅವಳು ಕಂಡಳು. ಗೇರು ತೋಟದ ಅಂಚಿನ ಹಾಸುಬಂಡೆಯ ಮೇಲೆ, ಉರಿಬಿಸಿಲಿನಲ್ಲಿ ಸೆರಗನ್ನು ತಲೆಗೆ ಹೊದ್ದು, ಫೋನನ್ನು ಎತ್ತಿ ಹಿಡಿದು ರೇಂಜ್ ಹುಡುಕುತ್ತಿದ್ದಳು. ಮನೆಯಿಂದ ಅಲ್ಲಿಗೆ ಅರ್ಧ ಗಂಟೆಯ ಏರು. ಮಾವನ ಫೋನು ಕೇಳಿದರೆ ಕೊಡುತ್ತಿದ್ದರು, ಆದರೆ ಮಾತು ಮುಗಿಯುವ ತನಕ ಪಕ್ಕದಲ್ಲೇ ನಿಂತಿರುತ್ತಿದ್ದರು. ಹಾಗಾಗಿ ಅವಳು ಎರಡು ಮೂರು ದಿನಕ್ಕೊಮ್ಮೆ ಬಂಡೆ ಹತ್ತುತ್ತಿದ್ದಳು. ಇದು ಮಹಾಬಲನಿಗೆ ಆಮೇಲೆ ತಿಳಿದದ್ದು. ಆ ದಿನ ಅವನು ಹೆಲ್ಮೆಟ್ಟಿನ ಗಾಜು ಕೆಳಗೆಳೆದು, ನೋಡದವನಂತೆ ಮುಂದೆ ಹೋದ. ಆಫೀಸಿನಲ್ಲಿ ಕೂತೇ ಆ ಬ್ಲಾಕ್ ತೆಗೆದುಬಿಡಬಹುದಿತ್ತು. ತೆಗೆದರೆ ಭಟ್ಟರು ಕೇಳುತ್ತಾರೆ, ಅವಳೂ ಕೇಳುತ್ತಾಳೆ, ಹಾಳಾದ ಫೋನು ತಾನಾಗಿ ಸರಿಯಾದದ್ದು ಹೇಗೆ ಎಂದು. ನಾಳೆ ನೋಡುವ, ನಾಳೆ ನೋಡುವ ಎಂದೇ ದಿನ ಹೋದವು.

ಏಪ್ರಿಲಿನಲ್ಲಿ ಪೈವಳಿಕೆಯ ಒಂದು ಮನೆಗೆ ಹೊಸ ಕನೆಕ್ಷನ್ ಕೊಡಲು ಆಫೀಸಿನಿಂದ ಕಳಿಸಿದರು. ಚೀಟಿಯಲ್ಲಿ ಈಶ್ವರಪ್ರಸಾದ ಎಂಬ ಹೆಸರಿತ್ತು. ಏಣಿ, ಮಿಶಿನು ಇಳಿಸಿ ಅಂಗಳಕ್ಕೆ ಬಂದರೆ ಬಾಗಿಲಲ್ಲಿ ಶ್ರೀರಂಜಿನಿ ನಿಂತಿದ್ದಳು.

"ಓ, ಮಹಾಬಲಣ್ಣನಾ? ಬನ್ನಿ ಬನ್ನಿ. ಇದು ನನ್ನ ಅಮ್ಮನ ಮನೆ."

ಒಳಗೆ ಮಂಚದ ಮೇಲೆ ಈಶ್ವರಿಯಮ್ಮ ದಿಂಬಿಗೆ ಒರಗಿದ್ದರು. ಬಲಗೈ ಮಡಿಲಲ್ಲಿ ಹಾಗೇ ಬಿದ್ದಿತ್ತು. ಎರಡು ತಿಂಗಳಾಯಿತು, ಪಾರ್ಶ್ವವಾಯು, ಮಾತು ಹೋಗಿದೆ ಎಂದು ಮಗಳು ಹೇಳಿದಳು. ಮಂಗಳೂರಿನಿಂದ ಒಬ್ಬರು ವಾರಕ್ಕೆರಡು ದಿನ ವೀಡಿಯೊದಲ್ಲಿ ಮಾತು ಕಲಿಸುತ್ತಾರಂತೆ. ಇಲ್ಲಿ ಮೊಬೈಲಿನ ನೆಟ್ ಸಾಕಾಗುವುದಿಲ್ಲ, ಅದಕ್ಕೆ ಈ ವೈಫೈ. ಮಹಾಬಲ ತಲೆಯಾಡಿಸಿ ಕೆಲಸಕ್ಕೆ ಇಳಿದ. ಲೈನು ಎಳೆದು, ಎಳೆ ಜೋಡಿಸಿ, ಬಾಕ್ಸಿನಲ್ಲಿ ಹಸಿರು ಲೈಟ್ ಬರುವಾಗ ಹನ್ನೊಂದು ಗಂಟೆ. ಪಾಸ್‌ವರ್ಡ್ ಯಾವುದು ಇಡಬೇಕೆಂದು ಕೇಳಿದ. ಅಮ್ಮನ ಹೆಸರೇ ಇಡಿ ಎಂದಳು.

ಆಮೇಲೆ ಅವಳು ಒಳಗಿನಿಂದ ಹಳೆಯ ಫೋನು ತಂದಳು. ತನಗೆ ಗಂಡ ಹೊಸತು ತಂದುಕೊಟ್ಟಿದ್ದಾರೆ, ಅದು ಎಣ್ಮಕಜೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ, ನೀವು ಹೇಳಿದ್ದು ಸರಿ ಎಂದಳು. ಹಳತರಲ್ಲಿ ಅಮ್ಮ ಕಳಿಸಿದ ವಾಯ್ಸ್ ಮೆಸೇಜುಗಳಿವೆ, ಅಮ್ಮನಿಗೆ ಅವರದೇ ಸ್ವರ ಕೇಳಿಸಿದರೆ ಒಳ್ಳೆಯದಂತೆ, ಅದಕ್ಕೆ ಇಟ್ಟುಕೊಂಡಿದ್ದೇನೆ ಎಂದಳು. ಹಾಳಾದದ್ದಾದರೂ ಒಮ್ಮೆ ವೈಫೈ ಹಾಕಿ ನೋಡೋಣ ಎಂದು ಅವಳೇ ಪಾಸ್‌ವರ್ಡ್ ಒತ್ತಿದಳು. ಒತ್ತಿದ ಕೂಡಲೇ ನೆಟ್ ಬಂತು.

ಅವಳು ಫೋನನ್ನು ಅವನತ್ತ ತಿರುಗಿಸಿ ತೋರಿಸಿದಳು. "ಇದು ಹಿಡಿತಾ ಉಂಟಲ್ಲ ಮಹಾಬಲಣ್ಣ?"

"ಕೆಲವು ಸಲ ಹಾಗೆ ಆಗ್ತದೆ," ಎಂದ ಮಹಾಬಲ. ಅದು ಎರಡನೆಯ ಸುಳ್ಳು.

ಅವಳು ಅದನ್ನೂ ನಂಬಿದಳು. ಮಂಚದ ತುದಿಯಲ್ಲಿ ಕೂತು, ಅಮ್ಮನ ಕಾಲಿಗೆ ಹೊದಿಕೆ ಸರಿಮಾಡುತ್ತ, ಯಾರ ಮೇಲೂ ದೂರಿಲ್ಲದ ಸ್ವರದಲ್ಲಿ ನಡೆದದ್ದು ಹೇಳಿದಳು. ಅಮ್ಮನಿಗೆ ಹೀಗಾದದ್ದು ಒಂದು ಬೆಳಿಗ್ಗೆ. ಅದರ ಹಿಂದಿನ ಸಂಜೆ ಅಮ್ಮ ಅವಳಿಗೆ ಏಳು ಸಲ ಕಾಲ್ ಮಾಡಿದ್ದರು. ಎಂತದೋ ಹೇಳಲಿಕ್ಕಿತ್ತು. ರಂಜುವಿಗೆ ಕಾಲ್ ಹೋಗುವುದಿಲ್ಲ, ಅವಳ ಮಾವನ ಫೋನಿಗೆ ಮಾಡುವುದು ಬೇಡ, ನಾಳೆ ಹೇಳುತ್ತೇನೆ ಎಂದು ಅಣ್ಣನ ಹತ್ತಿರ ಹೇಳಿ ಮಲಗಿದರಂತೆ. ಬೆಳಿಗ್ಗೆ ಮಾತು ಇರಲಿಲ್ಲ. ಅಣ್ಣ ಮಾವನ ಫೋನಿಗೆ ತಿಳಿಸಿದ, ಅವಳು ಓಡಿ ಬಂದಳು. ಆಸ್ಪತ್ರೆಯ ಬೆಂಚಿನಲ್ಲಿ ಕೂತಿರುವಾಗ ಆ ಹಳೆಯ ಫೋನಿಗೆ ರೇಂಜ್ ಸಿಕ್ಕಿ, ಏಳು ಮಿಸ್ಡ್ ಕಾಲ್‌ಗಳೂ ಒಟ್ಟಿಗೆ ಬಂದವು.

"ನೀವು ಜನವರಿಯಲ್ಲೇ ಹೇಳಿದ್ದಿರಿ, ಫೋನ್ ಬದಲಿಸಿ ಅಂತ. ನಾನೇ ಉದಾಸೀನ ಮಾಡಿದೆ. ಒಂದು ಫೋನು ಬದಲಿಸ್ತಿದ್ರೆ ಅಮ್ಮನ ಮಾತು ಕೇಳ್ತಿತ್ತು ನನಗೆ."

ಈಶ್ವರಿಯಮ್ಮ ಎಡಗೈಯಿಂದ ಮಗಳ ಮೊಣಕೈ ತಟ್ಟಿದರು. ಮಹಾಬಲ ಏಣಿ ಎತ್ತಿಕೊಂಡು ಹೊರಗೆ ಬಂದ.

ಅಂಗಳದಲ್ಲಿ ಉಳಿದ ವಯರನ್ನು ಸುತ್ತಿದ. ಒಮ್ಮೆ ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದ. ಬೈಕಿನ ಹತ್ತಿರ ಹೋಗಿ ಕೀಲಿ ತಿರುಗಿಸಿದ, ಸ್ಟಾರ್ಟ್ ಮಾಡಲಿಲ್ಲ. ತನಗೆ ಏನಾದರೂ ಆದೀತೆಂಬ ಹೆದರಿಕೆ ಆಗ ಅವನಲ್ಲಿ ಇರಲಿಲ್ಲ. ಆ ಹೆಂಗಸು ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತು ಕೂತಿದ್ದಾಳೆ, ಬದುಕಿರುವಷ್ಟು ದಿನ ಹೊರುತ್ತಾಳೆ, ಅದನ್ನು ಅಲ್ಲಿಟ್ಟವನು ತಾನು ಎಂಬುದೊಂದೇ ತಲೆಯಲ್ಲಿತ್ತು. ಅವನು ಚಪ್ಪಲಿ ಬಿಟ್ಟು ಮತ್ತೆ ಜಗಲಿ ಹತ್ತಿದ. ಅವನು ಏನೋ ಮರೆತು ಹೋಗಿರಬೇಕೆಂದು ಶ್ರೀರಂಜಿನಿ ಎದ್ದು ಬಂದಳು.

"ಅಕ್ಕ, ನಿಮ್ಮ ಫೋನು ಹಾಳಾಗಿರ್ಲಿಲ್ಲ. ಅಲ್ಲಿ ಅದಕ್ಕೆ ನೆಟ್ ಬಾರದ ಹಾಗೆ ಮಾಡಿದ್ದು ನಾನು. ಹಾಳಾಗಿದೆ ಅಂತ ನಿಮ್ಮ ಹತ್ತಿರ ಸುಳ್ಳು ಹೇಳಿದೆ. ಈಗಲೂ ಹೇಳಿದೆ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ: ಪ್ರತಿಯೊಂದು ಫೋನಿಗೂ ರೂಟರಿನಲ್ಲಿ ಒಂದು ಗುರುತು ಇರುತ್ತದೆ, ಆ ಗುರುತನ್ನು ತಡೆದರೆ ಆ ಫೋನಿಗೆ ಮಾತ್ರ ನೆಟ್ ಹೋಗುವುದಿಲ್ಲ. ಹೊಸ ಫೋನಿಗೆ ಗುರುತು ಬೇರೆ, ಅದಕ್ಕೇ ಅದು ಹಿಡಿದದ್ದು. ಅವಳು ಬಾಗಿಲ ಚೌಕಟ್ಟು ಹಿಡಿದು ಕೇಳುತ್ತಿದ್ದಳು.

"ಮಾವ ಹೇಳಿದ್ದಾ?"

"ಹೇಳಿದ್ದು ಅವರು. ಮಾಡಿದ್ದು ನಾನು. ಆಗುದಿಲ್ಲ ಅನ್ಲಿಕ್ಕೆ ನನಗೆ ಆಗ್ತಿತ್ತು."

ಅವಳು ಬಯ್ಯಲಿಲ್ಲ, ಅಳಲಿಲ್ಲ. ಎಷ್ಟು ಹೊತ್ತಿನ ಕೆಲಸ ಅದು ಎಂದು ಕೇಳಿದಳು. ಎರಡು ನಿಮಿಷ ಎಂದು ಅವನು ಹೇಳಬೇಕಾಯಿತು. ಆಮೇಲೆ ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಮಹಾಬಲ ಚಪ್ಪಲಿ ಮೆಟ್ಟಿ ಹೊರಟುಹೋದ.

ಆ ಸಂಜೆ ಅವನು ಹೆಂಡತಿ ಮನೋರಮಾಳಿಗೆ ಎಲ್ಲವನ್ನೂ ಹೇಳಿದ. ಅವಳು ಬೀಡಿ ಕಟ್ಟುತ್ತಿದ್ದಳು. ಕೈ ನಿಲ್ಲಿಸಿ ಕೇಳಿದಳು, ಸಮಾಧಾನದ ಮಾತು ಆಡಲಿಲ್ಲ. ಮೊದಲ ದಿನವೇ ಮನೆಗೆ ಬಂದು ನನ್ನ ಹತ್ತಿರ ಹೇಳಿದ್ದರೆ ಹಿಂದೆ ಕಳಿಸುತ್ತಿದ್ದೆ ಎಂದಳು, ಅಷ್ಟೇ. ಆಫೀಸಿನ ಯಜಮಾನ ಪ್ರವೀಣ್ ಮಾತ್ರ, ಗಿರಾಕಿ ಹೇಳಿದ ಹಾಗೆ ಮಾಡಿದ್ದರಲ್ಲಿ ನಿನ್ನದೇನು ತಪ್ಪು ಎಂದ. ಆ ಮಾತಿನಿಂದ ಮಹಾಬಲನಿಗೆ ಹಗುರವಾಗಲಿಲ್ಲ.

ಎರಡು ವಾರ ಕಳೆದು ಶ್ರೀರಂಜಿನಿ ಅವನಿಗೆ ಕಾಲ್ ಮಾಡಿ, ಭಾನುವಾರ ಬೆಳಿಗ್ಗೆ ಎಣ್ಮಕಜೆಗೆ ಬರಲು ಹೇಳಿದಳು. ಹೋದಾಗ ಜಗಲಿಯಲ್ಲಿ ಭಟ್ಟರು, ಗಣೇಶಪ್ರಸಾದ, ಅವಳು ಮೂವರೂ ಇದ್ದರು. ರೂಟರಿನ ಆ ಪುಟ ತೆರೆದು ತೋರಿಸಿ ಎಂದಳು. ಅವನು ತೆರೆದ. ತಡೆದ ಸಾಧನಗಳ ಪಟ್ಟಿಯಲ್ಲಿ ಅವಳ ಹಳೆಯ ಫೋನಿನ ಹೆಸರು ಒಂದೇ ಇತ್ತು. ಗಣೇಶಪ್ರಸಾದ ಅದನ್ನು ಎರಡು ಸಲ ಓದಿ ಅಪ್ಪನ ಮುಖ ನೋಡಿದ.

"ಟಿವಿ ನಿಲ್ಲಬಾರದು ಅಂತ ಹೇಳಿದ್ದು ನಾನು," ಎಂದರು ಭಟ್ಟರು. "ಅವಳ ಅಮ್ಮನಿಗೆ ಹೀಗಾಗ್ತದೆ ಅಂತ ನನಗೆ ಕನಸು ಬಿದ್ದಿತ್ತಾ?"

ಭಟ್ಟರು ಕುರ್ಚಿಯ ಕೈ ಹಿಡಿದು ಎದ್ದರು, ಮತ್ತೆ ಕೂತರು. ಅವರ ಕಣ್ಣು ತಪ್ಪಿಸಿ ಮಹಾಬಲ ಕೆಲಸ ಮಾಡಿದ. ಹೆಸರನ್ನು ಪಟ್ಟಿಯಿಂದ ತೆಗೆದ. ರೂಟರಿನ ಒಳಗೆ ಹೋಗುವ ಪಾಸ್‌ವರ್ಡನ್ನು ಶ್ರೀರಂಜಿನಿಯೇ ಹೊಸದಾಗಿ ಹಾಕುವಂತೆ ಮಾಡಿ, ಅವಳು ಒತ್ತುವಾಗ ಮುಖ ತಿರುಗಿಸಿ ನಿಂತ. ಆಮೇಲೆ ಯಾರೂ ಹೇಳದೆಯೇ ಬಾಕ್ಸನ್ನು ಜಗಲಿಯಿಂದ ಬಿಚ್ಚಿ ನಡುಕೋಣೆಗೆ ತಂದು ಕೂರಿಸಿದ. ಟಿವಿ ಹಾಕಿ ನೋಡಿದರು. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ಭಟ್ಟರು ಅತ್ತ ನೋಡಲಿಲ್ಲ.

ಅಂದಿನಿಂದ ಮಹಾಬಲ ಒಂದು ಕ್ರಮ ಇಟ್ಟುಕೊಂಡಿದ್ದಾನೆ. ಯಾರದ್ದಾದರೂ ಫೋನ್ ತಡೆಯಬೇಕೆಂದು ಮನೆಯವರು ಹೇಳಿದರೆ, ಆ ಫೋನಿನವರನ್ನು ಕರೆಯಿರಿ, ಅವರೆದುರೇ ಮಾಡುತ್ತೇನೆ ಎನ್ನುತ್ತಾನೆ. ಹೆಚ್ಚಿನವರು ಆಗ ಬೇಡ ಎನ್ನುತ್ತಾರೆ. ಕೆಲವರು ಸಿಟ್ಟಾಗಿ ಆಫೀಸಿಗೆ ದೂರು ಹೇಳಿದ್ದೂ ಉಂಟು.

ಜುಲೈಯಲ್ಲಿ ಗಾಳಿಗೆ ಹಲಸಿನ ಕೊಂಬೆ ಬಿದ್ದು ಪೈವಳಿಕೆಯ ಆ ಮನೆಯ ಲೈನು ಕಡಿಯಿತು. ಬೇರೆ ಯಾರನ್ನಾದರೂ ಕಳಿಸಿ ಎಂದು ಮಹಾಬಲ ಕೇಳಿಕೊಂಡ. ಆ ಲೈನು ಗೊತ್ತಿರುವವನು ನೀನೊಬ್ಬನೇ ಎಂದ ಪ್ರವೀಣ್. ಹೋದಾಗ ಈಶ್ವರಿಯಮ್ಮ ಕೋಲು ಹಿಡಿದು ಅಂಗಳದಲ್ಲಿ ನಡೆಯುತ್ತಿದ್ದರು. ಅವನನ್ನು ಕಂಡು ಮುಖದ ಒಂದು ಬದಿಯಿಂದ ನಕ್ಕು, ತಡೆತಡೆದು ಎರಡು ಅಕ್ಷರ ಆಡಿದರು. ಅವನಿಗೆ ತಿಳಿಯಲಿಲ್ಲ. ಕಾಫಿ ಕುಡಿಯಿರಿ ಎಂದು ಹೇಳುತ್ತಿದ್ದಾರೆ ಎಂದ ಈಶ್ವರಪ್ರಸಾದ. ಈಗ ಹತ್ತಿಪ್ಪತ್ತು ಮಾತು ಬರುತ್ತದೆ, ಆದರೆ ಆ ಸಂಜೆ ಯಾಕೆ ಕಾಲ್ ಮಾಡಿದ್ದು ಎಂದು ಕೇಳಿದರೆ ಅಮ್ಮನಿಗೆ ನೆನಪಿಲ್ಲ ಎಂದೂ ಹೇಳಿದ.

ಮಹಾಬಲ ಕಾಫಿ ಕುಡಿದ. ಶ್ರೀರಂಜಿನಿ ಅಲ್ಲೇ ಇದ್ದಳು. ಲೈನು ಎಷ್ಟು ಹೊತ್ತಿಗೆ ಸರಿಯಾಗುತ್ತದೆ ಎಂದು ಕೇಳಿದಳು, ಬೇರೆ ಮಾತಾಡಲಿಲ್ಲ. ಮೊದಲೆಲ್ಲ ಏನಿದ್ದರೂ ಅವನ ನಂಬರಿಗೇ ಕಾಲ್ ಮಾಡುತ್ತಿದ್ದವಳು ಈಗ ಆಫೀಸಿಗೆ ಮಾಡುತ್ತಾಳೆ. ಅದು ಸರಿ ಎಂದು ಮಹಾಬಲನಿಗೂ ಅನಿಸುತ್ತದೆ.